ನಾನು ದಂತವಲ್ಲ

ನಾನು ಒಂದು ಗೇರ್ ಗುಂಡು. ಹಳೆಯ ಕಾಲದ ರೇಸು ಕಾರುಗಳಲ್ಲಿ ಗೇರ್ ಕಡ್ಡಿಯ ತುದಿಗೆ ತಿರುಗಿಸಿ ಕೂರಿಸುತ್ತಾರಲ್ಲ, ಅಂಗೈಯೊಳಗೆ ಅಡಗುವಷ್ಟು ಗಾತ್ರದ ಗುಂಡು, ಅದು. ನಾನು ಹಾಲೆ ಮರದವನು. ನನ್ನನ್ನು ಮಾಡಿದವಳು ಚನ್ನಪಟ್ಟಣದ ಚಿಕ್ಕತಾಯಮ್ಮ. ಈ ಎರಡು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈ ಎರಡು ಮಾತನ್ನು ಮುಚ್ಚಿಹಾಕಲು ಒಬ್ಬ ಮನುಷ್ಯ ತನ್ನ ಮರ್ಯಾದೆಯನ್ನೆಲ್ಲ ಖರ್ಚು ಮಾಡಿಕೊಂಡ. ಹೇಗೆ ಖರ್ಚಾಯಿತು ಅನ್ನುವುದನ್ನು ಹೇಳುವುದಕ್ಕೇ ನಾನು ಬಾಯಿ ತೆರೆದಿದ್ದೇನೆ.

ಹಾಲೆ ಮರದ ಕೊಂಬೆ ಮುರಿದರೆ ಹಾಲು ಒಸರುತ್ತದೆ. ಒಳಗಿನ ಮರವೂ ಹಾಲಿನಂತೆಯೇ ಬಿಳಿ. ಕಡಿದ ಮೇಲೆ ನೆರಳಲ್ಲಿ ತಿಂಗಳುಗಟ್ಟಲೆ ಒಣಗಬೇಕು, ಆತುರಪಟ್ಟರೆ ಸೀಳುತ್ತದೆ. ನನ್ನ ಜೊತೆಗೆ ಒಂದೇ ದಿಮ್ಮಿಯಲ್ಲಿದ್ದವರು ಗಿಲಕಿಗಳಾದರು, ಬುಗುರಿಗಳಾದರು, ಹಲ್ಲು ಬಾರದ ಮಕ್ಕಳ ಬಾಯಿ ಸೇರಿದರು. ನನ್ನನ್ನು ಮಾತ್ರ ಚಿಕ್ಕತಾಯಮ್ಮ ಒಂದು ಚೀಲಕ್ಕೆ ಹಾಕಿಕೊಂಡು, ಬಸ್ಸು ಹತ್ತಿ, ರಾಮನಗರದ ಆಚೆ ಹಳೆಯ ರೇಷ್ಮೆ ಗೋದಾಮಿಗೆ ತಂದಳು. ಗೋದಾಮು ಆಗ ಗೋದಾಮಾಗಿರಲಿಲ್ಲ. ಚಂದ್ರಚೂಡ ಎಂಬವನು ಅದನ್ನು ಕಾರು ಶೆಡ್ಡು ಮಾಡಿಕೊಂಡಿದ್ದ. ತುಕ್ಕು ಹಿಡಿದ ವಿದೇಶಿ ಕಾರುಗಳನ್ನು ಎಲ್ಲೆಲ್ಲಿಂದಲೋ ತಂದು, ಹೊಸದರಂತೆ ಮಾಡಿಸಿ, ಹಳೆಯದೆಂದು ಮಾರುತ್ತಿದ್ದ. ಶೆಡ್ಡಿನವರೆಲ್ಲ ಅವನನ್ನು ಯಜಮಾನ್ರು ಎನ್ನುತ್ತಿದ್ದರು. ನಾನು ಅನ್ನುವುದಿಲ್ಲ.

ಚಿಕ್ಕತಾಯಮ್ಮ ಅಲ್ಲಿ ಲೇತ್ ಮೇಲೆ ಗೇರ್ ಗುಂಡುಗಳನ್ನೂ ಹ್ಯಾಂಡ್‌ಬ್ರೇಕಿನ ಹಿಡಿಗಳನ್ನೂ ಕಡೆಯುತ್ತಿದ್ದಳು. ಬೀಟೆಯಲ್ಲಿ, ಹಲಸಿನಲ್ಲಿ, ಹುಣಸೆಯ ಕೆಚ್ಚಿನಲ್ಲಿ. ಚಂದ್ರಚೂಡ ಅವಳ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಊರಿನ ಹೆಸರಿನಿಂದಲೇ ಕೂಗುತ್ತಿದ್ದ.

"ಏ ಚನ್ನಪಟ್ಣ, ಇಲ್ಲಿ ನೋಡು." ಒಂದು ದಿನ ಹಳೆಯ ಚಾಕುವಿನ ಹಿಡಿಯೊಂದನ್ನು ತಂದು ಅವಳ ಮುಂದೆ ಹಿಡಿದ. "ಹಸಿರು ಕಾರಿಗೆ ಗುಂಡು ಬೇಕು. ಇದೇ ಬಣ್ಣ, ಇದೇ ಥರ ಒಳಗೆ ಕೂದಲೆಳೆ ಗೆರೆ. ಬರುತ್ತಾ?"

ಅವಳು ಹಿಡಿಯನ್ನು ಬೆಳಕಿಗೆ ಹಿಡಿದಳು. "ಇದೇನ್ ಸಾ, ಆನೆ ಹಲ್ಲಾ?"

"ಹಲ್ಲಲ್ಲ, ದಂತ."

"ಆನೆ ಬಾಯಿಂದ್ಲೇ ತಾನೆ ಸಾ ಬರೋದು. ಹೆಸ್ರು ಯಾವ್ದಾದ್ರೇನು."

ಪಕ್ಕದಲ್ಲಿ ಬಾಗಿಲಿಗೆ ಬಣ್ಣ ಹೊಡೆಯುತ್ತಿದ್ದ ಪೇಂಟರ್ ಪೌಲಪ್ಪ ನಗು ತಡೆಯಲಾರದೆ ಕೆಮ್ಮಿದ. ಚಂದ್ರಚೂಡ ಹೋದ ಮೇಲೆ ಕೇಳಿದ, "ಅಲ್ಲ ತಾಯಮ್ಮಕ್ಕ, ಜೀವಮಾನದಾಗೆ ಒಂದ್ಸಲ ಕಾರು ಓಡ್ಸಿಲ್ಲ ನೀನು. ಗೇರ್ ಗುಂಡು ಕೈಗೆ ಹೆಂಗೆ ಕೂರ್ಬೇಕು ಅಂತ ನಿಂಗೆ ಏನ್ ಗೊತ್ತು?"

"ರಾಗಿಕಲ್ಲಿನ ಗೂಟ ಹಿಡಿದಿವ್ನಿ ಕಣೋ. ನಿನ್ನ ಕಾರೇನು ಅದಕ್ಕಿಂತ ಹೆಚ್ಚಾ ತಿರುಗ್ತದೆ?"

ಹಾಗೆ ನಾನು ಹುಟ್ಟಿದೆ. ರಾಗಿಕಲ್ಲಿನ ಗೂಟದ ನೆನಪಿನಿಂದ. ಅವಳು ಅಗಲ ಉಳಿಯಿಂದ ನನ್ನ ಮೂಲೆಗಳನ್ನು ತೆಗೆದಳು, ಸಣ್ಣ ಉಳಿಯಿಂದ ದುಂಡು ಮಾಡಿದಳು, ಆಗಾಗ ಲೇತ್ ನಿಲ್ಲಿಸಿ ಕಣ್ಣು ಮುಚ್ಚಿ ನನ್ನನ್ನು ಎಡಗೈಯಲ್ಲಿ ಹಿಡಿದು ನೋಡಿದಳು. ಗೇರು ಹಾಕುವುದು ಎಡಗೈಯಲ್ಲಿ ಎಂದು ಪೌಲಪ್ಪ ಹೇಳಿದ್ದ. ಅವಳ ತೋರುಬೆರಳು ಕೂರುವಲ್ಲಿ ಒಂದಿಷ್ಟೇ ತಗ್ಗು ಇಟ್ಟಳು. ಆ ಮೇಲೆ ಸೂಜಿ ಹಿಡಿದು ನನ್ನ ಮೈಮೇಲೆ ಗೆರೆ ಎಳೆದಳು. ಒಂದರ ಮೇಲೊಂದು ಓರೆಯಾಗಿ ಹಾಯುವ, ಉಸಿರು ಬಿಗಿಹಿಡಿದು ಎಳೆದ ಗೆರೆಗಳು. ಅದರ ಮೇಲೆ ಅರಗು. ಅರಗಿಗೆ ಬೆಂಕಿ ತೋರಿಸುವುದಿಲ್ಲ ಅವಳ ಕಡೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ಉಜ್ಜಾಟದ ಶಾಖಕ್ಕೇ ಕರಗಿ ಹತ್ತುತ್ತದೆ. ಬಿಳಿ ಅರಗಿಗೆ ಚಿಟಿಕೆ ಅರಿಸಿನ ಬೆರೆಸಿದ್ದಳು. ಕೊನೆಗೆ ತಾಳೆಗರಿಯಿಂದ ತೀಡಿದಾಗ ನಾನು ನೂರು ವರ್ಷ ಹಳೆಯ ದಂತದಂತೆ ಹೊಳೆದೆ. ಹೊಟ್ಟೆಯೊಳಗೆ ತೂಕಕ್ಕೆಂದು ಹಿತ್ತಾಳೆ ಕೂರಿಸಿದರು. ಅದರಿಂದ ಮುಟ್ಟಿದರೆ ತಣ್ಣಗೂ ಇರುತ್ತಿದ್ದೆ.

"ದೊಡ್ಡೋರ ಕೈಗೆ ಹೋಗ್ತಿದೀಯ," ಎಂದಳು ನನಗೆ. "ಯಾರ್ಗೂ ತೊಂದ್ರೆ ಕೊಡ್ಬೇಡ."

ಅವಳ ಮಾತುಗಳಲ್ಲಿ ನಾನು ನಡೆಸದೇ ಇದ್ದದ್ದು ಅದೊಂದೇ.

ನನ್ನನ್ನು ಹಸಿರು ಕಾರಿಗೆ ಕೂರಿಸಿದರು. ಎರಡೇ ಸೀಟು, ಮೇಲೆ ಸೂರಿಲ್ಲ, ಮೂತಿ ಉದ್ದ. ಆ ವಾರವೇ ಶೆಡ್ಡಿಗೆ ಫೋಟೋ ತೆಗೆಯುವವರು ಬರುವವರಿದ್ದರು. ಕೈಕೆಲಸ ಎಂದರೆ ಈಗ ದೊಡ್ಡವರಿಗೆ ಬಹಳ ಇಷ್ಟ. ಚಂದ್ರಚೂಡ ಲೇತಿನ ಸುತ್ತ ನಡೆದಾಡಿ, ಬೆಲ್ಟಿಗೆ ಮುಚ್ಚಿದ್ದ ತಗಡಿನ ಜಾಲರಿಯನ್ನು ನೋಡಿ ಮುಖ ಸಿಂಡರಿಸಿದ.

"ಈ ತಗಡು ತೆಗೆಸು ಪೌಲಪ್ಪ. ಫೋಟೋದಲ್ಲಿ ಫ್ಯಾಕ್ಟರಿ ಥರ ಕಾಣುತ್ತೆ. ಹಳೇ ಕಾಲದ ಲುಕ್ ಇರಲಿ."

"ಕೈಗೆ ಬೆಲ್ಟ್ ತಾಗಿಬಿಡುತ್ತೆ ಸಾ," ಎಂದಳು ಚಿಕ್ಕತಾಯಮ್ಮ.

"ಇಷ್ಟು ವರ್ಷ ಉಳಿ ಹಿಡಿದಿದೀಯ. ನಿಂಗೆ ಬೆಲ್ಟ್ ಹೇಳಿಕೊಡ್ಬೇಕಾ?"

ಫೋಟೋದವರು ಬಂದು ಹೋದರು. ಜಾಲರಿ ಮಾತ್ರ ವಾಪಸು ಬರಲಿಲ್ಲ. ಮುಂದಿನ ವಾರ ಇನ್ಯಾರೋ ಬರುವವರಿದ್ದರು, ಅದರ ಮುಂದಿನ ವಾರ ಮತ್ಯಾರೋ. ನೋಡಲು ಚೆನ್ನಾಗಿರಲಿ ಎಂದು ತೆಗೆದ ಆ ತಗಡು ಗೋಡೆಗೆ ಒರಗಿಕೊಂಡೇ ಇತ್ತು. ಒಂದು ಬೆಳಿಗ್ಗೆ ಬೆಲ್ಟು ಅವಳ ಸೆರಗಿನ ತುದಿಯನ್ನು ಎಳೆದುಕೊಂಡಿತು. ಬಿಡಿಸಲು ಹೋದ ಎಡಗೈಯ ತೋರುಬೆರಳನ್ನೂ ನಡುಬೆರಳನ್ನೂ ತೆಗೆದುಕೊಂಡಿತು. ನಾನು ಹತ್ತಡಿ ದೂರದಲ್ಲಿ ಕಾರಿನಲ್ಲಿ ಕೂತಿದ್ದೆ. ಅವಳು ಕಿರುಚಲಿಲ್ಲ. ಕೈಯನ್ನು ಹೊಟ್ಟೆಗೆ ಒತ್ತಿಕೊಂಡು, "ಲೇತ್ ನಿಲ್ಸೋ ಪೌಲಪ್ಪ, ಮರ ಹಾಳಾಗ್ತದೆ," ಎಂದಳು. ಪೌಲಪ್ಪ ಅವಳನ್ನು ಆಟೋದಲ್ಲಿ ಕರೆದುಕೊಂಡು ಹೋದ.

ಅವಳು ಆಸ್ಪತ್ರೆಯಲ್ಲಿ ಇರುವಾಗಲೇ ಲೇತ್ ಕಿತ್ತು ಸಾಗಿಸಿದರು. ನೆಲದಲ್ಲಿ ಬೋಲ್ಟಿನ ತೂತು ನಾಲ್ಕು ಉಳಿದವು, ಒಂದು ಕಲೆಯೂ ಉಳಿಯಿತು. ಅದರ ಮೇಲೆ ಹಸಿರು ಕಾರನ್ನು ತಂದು ನಿಲ್ಲಿಸಿದರು. ನನ್ನ ಹಿಡಿದು ಗೇರು ಬದಲಿಸಿ ಆ ಜಾಗಕ್ಕೆ ಕಾರು ತಂದದ್ದು ಚಂದ್ರಚೂಡನೇ. ಅವನ ಎಡಗೈಯ ತೋರುಬೆರಳು, ಅವಳು ತನ್ನ ಬೆರಳಿಗೆ ಅಳತೆ ಹಿಡಿದು ಮಾಡಿದ ತಗ್ಗಿನಲ್ಲಿ ಆರಾಮಾಗಿ ಕೂತಿತ್ತು. ಇವನನ್ನು ಸುಮ್ಮನೆ ಬಿಡಬಾರದೆಂದು ಅಂದೇ ನಿಶ್ಚಯಿಸಿದೆ.

ಗಾಯ ಒಣಗಿದ ಮೇಲೆ ಚಿಕ್ಕತಾಯಮ್ಮ ಬಂದಳು. ಗೇಟಿನಿಂದ ಒಳಗೆ ಬಿಡಲಿಲ್ಲ. ಗೇಟಿನ ಪಕ್ಕದ ಕಲ್ಲಿನ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತು ಹೋದಳು. ಮತ್ತೆ ಬಂದಳು, ಮತ್ತೆ ಕೂತಳು. ಚಂದ್ರಚೂಡ ಕಾರಿನಲ್ಲಿ ಅವಳ ಮುಂದೆಯೇ ಹೊರಗೆ ಹೋಗುತ್ತಿದ್ದ. ನನ್ನ ಮೇಲಿದ್ದ ಅವನ ಕೈ ಒಂದಿಷ್ಟೂ ಬೆವರುತ್ತಿರಲಿಲ್ಲ. ಆಮೇಲೆ ಅವಳು ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟಳು. ಅವಳು ಕೇಳಿದ್ದು ಒಂದೇ. ನಾನು ಇಲ್ಲಿ ದುಡಿದೆ, ಇಲ್ಲೇ ನನ್ನ ಬೆರಳು ಹೋಯಿತು, ಇಷ್ಟನ್ನು ಯಜಮಾನರು ಬಾಯಿಬಿಟ್ಟು ಒಪ್ಪಲಿ. ಆ ಮಾತು ಬಂದರೆ ಪರಿಹಾರಕ್ಕೆ ದಾರಿ ಇತ್ತು. ಬಾರದಿದ್ದರೆ ಅವಳು ಕೈ ಕಡಿದುಕೊಂಡ ಯಾರೋ ಹೆಂಗಸು, ಅಷ್ಟೇ.

ಇನ್ಸ್‌ಪೆಕ್ಟರ್ ಅವಳನ್ನು ಜೊತೆಗೇ ಕರೆದುಕೊಂಡು ಶೆಡ್ಡಿಗೆ ಬಂದರು. "ಲೇತ್ ಎಲ್ಲಮ್ಮ?" ಎಂದರು.

ಅವಳು ಕಾರಿನ ಕಡೆ ಕೈ ತೋರಿಸಿದಳು. "ಅದ್ರ ಅಡೀಲಿತ್ತು ಸಾ."

"ಕಾರಿನ ಅಡಿಯಲ್ಲಿ ಲೇತ್," ಎಂದು ಚಂದ್ರಚೂಡ ನಕ್ಕ. "ಸರ್, ಇಲ್ಲಿ ಮರಗೆಲಸವೇ ನಡೆಯಲ್ಲ. ಗುಂಡು, ಹಿಡಿ ಎಲ್ಲ ಕಾರಿನ ಜೊತೆಗೇ ವಿದೇಶದಿಂದ ಬರುತ್ತೆ. ಈಕೇನ ನಾನು ನೋಡಿಯೇ ಇಲ್ಲ."

ಇನ್ಸ್‌ಪೆಕ್ಟರ್ ಪೌಲಪ್ಪನ ಕಡೆ ತಿರುಗಿದರು. ಪೌಲಪ್ಪ ಬ್ರಷ್ಷನ್ನು ನೋಡುತ್ತ ನಿಂತ. ಅವನಿಗೂ ಮನೆ ಇತ್ತು, ಬಾಡಿಗೆ ಇತ್ತು.

ಚಿಕ್ಕತಾಯಮ್ಮ ಕಾರಿನ ಹತ್ತಿರ ಬಂದು ಬಾಗಿ ನನ್ನನ್ನು ನೋಡಿದಳು. "ಇದು ನಾ ಮಾಡಿದ್ದು ಸಾ. ಹಾಲೆ ಮರ. ಗೆರೆ ನಾನೇ ಎಳೆದಿವ್ನಿ."

ಆಗ ಅವನು ನನ್ನ ನೆತ್ತಿಯ ಮೇಲೆ ಕೈಯಿಟ್ಟು ಆ ಮಾತು ಆಡಿದ. ಒಬ್ಬ ಹೆಂಗಸನ್ನು ಅಳಿಸಿಹಾಕಲು ಅವನಿಗೆ ಅಷ್ಟು ಸಾಕೆನಿಸಿತ್ತು. "ಮರವಾ? ಇದು ದಂತ ಕಣಮ್ಮ. ಅಪ್ಪಟ ಆನೆ ದಂತ. ತೊಂಬತ್ತು ವರ್ಷದ್ದು. ನಿನ್ನ ಕೈಲಿ ಆಗುತ್ತಾ ಇದು? ಬರ್ಕೊಳ್ಳಿ ಸರ್, ದಂತ ಅಂತಲೇ ಬರ್ಕೊಳ್ಳಿ."

ಇನ್ಸ್‌ಪೆಕ್ಟರ್ ಬರೆದುಕೊಂಡರು. "ಸಾಕ್ಷಿ ಇಲ್ಲದೆ ನಾನೇನ್ ಮಾಡ್ಲಮ್ಮ," ಎಂದರು ಅವಳಿಗೆ. ಅವಳು ಚಂದ್ರಚೂಡನ ಬಾಯನ್ನೇ ನೋಡುತ್ತಿದ್ದಳು, ಆ ಮಾತು ಇನ್ನೊಮ್ಮೆ ಹೊರಗೆ ಬರಲೆಂದು ಕಾಯುವವಳ ಹಾಗೆ.

"ದಂತನಾ ಸಾ?" ಎಂದಳು ನಿಧಾನವಾಗಿ.

"ದಂತ."

"ಸರಿ ಬುಡಿ."

ಅವಳು ಹೋದಳು. ನಾನು ಉಳಿದೆ, ಶತ್ರುವಿನ ಅಂಗೈಯಲ್ಲಿ. ಗುಂಡೊಂದು ಸೇಡು ತೀರಿಸಿಕೊಳ್ಳಲು ಏನು ದಾರಿ ಇದೆ ಹೇಳಿ. ನನಗೆ ತಿಳಿದದ್ದನ್ನೆಲ್ಲ ಮಾಡಿದೆ. ನೆತ್ತಿ ಸುಡುವ ಏಪ್ರಿಲ್ ಬಿಸಿಲಿನಲ್ಲಿ ಸೂರಿಲ್ಲದ ಕಾರು ನಿಂತಾಗ ನನ್ನ ಅರಗನ್ನು ಅಂಟಂಟು ಮಾಡಿಕೊಂಡು ಅವನ ಅಂಗೈ ಹಿಡಿದೆ. ಅವನು ಚರ್ಮದ ಕೈಗವಸು ತರಿಸಿಕೊಂಡ. ಸುತ್ತು ಸುತ್ತಾಗಿ ನನ್ನ ತಿರುಪು ಸಡಿಲಿಸಿಕೊಂಡು, ಮಂಡ್ಯದ ಸರ್ಕಲ್ಲಿನಲ್ಲಿ, ಹಿಂದೆ ಬಸ್ಸುಗಳು ಹಾರನ್ ಹೊಡೆಯುವಾಗ, ಎರಡನೇ ಗೇರಿನಲ್ಲಿ ಅವನ ಕೈಗೇ ಕಿತ್ತು ಬಂದೆ. ಅವನು ನನ್ನನ್ನು ಕೈಯಲ್ಲಿ ಹಿಡಿದುಕೊಂಡು ನಡುರಸ್ತೆಯಲ್ಲಿ ಕೂತದ್ದನ್ನು ಒಬ್ಬ ಆಟೋದವನು ನೋಡಿ, "ಏನ್ ಬಾಸ್, ಲಡ್ಡು ಹಂಚ್ತಿದೀರಾ?" ಎಂದ. ಅದೊಂದು ದಿನ ಸುಖವಾಗಿದ್ದೆ. ಮರುದಿನ ಪೌಲಪ್ಪ ನನ್ನನ್ನು ಬಿಗಿಯಾಗಿ ತಿರುಗಿಸಿ ಕೂರಿಸಿದ. ನನ್ನ ಶಕ್ತಿ ಅಷ್ಟೇ. ಉಳಿದದ್ದೆಲ್ಲ ಅವಳದು.

ಕಾರಿಗೆ ಗಿರಾಕಿ ಸಿಕ್ಕ. ಕೊಯಮತ್ತೂರಿನ ಗಿರಣಿ ಮಾಲೀಕ. ಮೈಸೂರಿನ ಹೋಟೆಲೊಂದರ ಹುಲ್ಲುಹಾಸಿನ ಮೇಲೆ ಹಳೆಯ ಕಾರುಗಳ ಪ್ರದರ್ಶನ, ಅಲ್ಲೇ ಮಾತು ಪಕ್ಕಾ ಮಾಡುವುದು ಎಂದಾಯಿತು. ಹೊರಡುವ ಮುನ್ನ ಪೌಲಪ್ಪ ಕಾರಿನ ಮರೆಯಲ್ಲಿ ಕೂತು ಫೋನು ಮಾಡಿದ್ದು ನನಗೆ ಕೇಳಿಸಿತು.

"ತಾಯಮ್ಮಕ್ಕ, ನಾನು. ಬೈಬೇಡ, ಮೊದ್ಲು ಕೇಳು. ಭಾನುವಾರ ಮೈಸೂರಲ್ಲಿ ನಿಲ್ಲಿಸ್ತಾರೆ. ಕಾರಿನ ಮುಂದೆ ಬೋರ್ಡು. ದಂತದ ಗೇರ್ ಗುಂಡು ಅಂತ ದೊಡ್ಡಕ್ಷರದಾಗೆ ಐತೆ. ನಾನೇ ಬರ್ದಿದ್ದು." ಬಣ್ಣ ಹತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡ. "ಅವತ್ತು ಬಾಯಿ ಬರ್ಲಿಲ್ಲ ಅಕ್ಕ. ಇವತ್ತು ಬ್ರಷ್ಷಲ್ಲಿ ಆದಷ್ಟು ಮಾಡಿವ್ನಿ. ಊರಿಗೆಲ್ಲ ಕಾಣೋ ಹಂಗೆ ಬರ್ದಿವ್ನಿ."

ಭಾನುವಾರ ಹುಲ್ಲುಹಾಸಿನ ತುಂಬ ಟೋಪಿಗಳು, ಕಪ್ಪು ಕನ್ನಡಕಗಳು. ಹಗ್ಗದ ಆಚೆ ನಿಂತ ಜನರ ನಡುವೆ ಚಿಕ್ಕತಾಯಮ್ಮನನ್ನು ಕಂಡೆ. ಎಡಗೈ ಸೆರಗಿನೊಳಗಿತ್ತು. ಅವಳು ನನ್ನನ್ನು ನೋಡಿದಳು. ಹೊಲಕ್ಕೆ ನೀರು ಬಿಟ್ಟು ಬದುವಿನ ಮೇಲೆ ನಿಂತವರ ಮುಖ ಹೇಗಿರುತ್ತದೆಯೋ ಹಾಗಿತ್ತು ಅವಳ ಮುಖ.

ಗಿರಾಕಿಯ ಪಕ್ಕ ಸಾದಾ ಸೀರೆಯುಟ್ಟ ಹೆಂಗಸೊಬ್ಬರು ಬಂದು ಕಾರಿನೊಳಗೆ ಬಗ್ಗಿದರು. "ಇದು ನಿಜವಾಗ್ಲೂ ದಂತನಾ?"

"ಮುಟ್ಟಿ ನೋಡಿ ಮೇಡಂ," ಎಂದ ಸೀಟಿನಲ್ಲಿ ಕೂತಿದ್ದ ಚಂದ್ರಚೂಡ, ಕೈಗವಸಿನ ಕೈಯನ್ನು ನನ್ನ ಮೇಲಿಟ್ಟು, ಗಿರಾಕಿಗೂ ಕೇಳಿಸಲೆಂದು ದನಿ ಎತ್ತಿ. "ಈ ತಂಪು ಮರದಲ್ಲಿ ಬರುತ್ತಾ? ಈ ಗೆರೆ ನೋಡಿ, ಆನೆ ದಂತ ಬಿಟ್ಟು ಬೇರೆ ಯಾವುದರಲ್ಲೂ ಇರಲ್ಲ."

"ನಿಮ್ಮದೇ ತಾನೆ?"

"ನೂರಕ್ಕೆ ನೂರು ನಮ್ಮದು."

"ಇಟ್ಕೊಳ್ಳೋಕೆ ಸರ್ಕಾರದ ಪ್ರಮಾಣಪತ್ರ ತೋರಿಸಿ." ಅವರು ಚೀಲದಿಂದ ಗುರುತಿನ ಚೀಟಿ ತೆಗೆದರು. "ನಾನು ನಾಗವೇಣಿ, ವಲಯ ಅರಣ್ಯಾಧಿಕಾರಿ. ಪ್ರಮಾಣಪತ್ರ ಇಲ್ಲದೆ ದಂತ ಇಟ್ಕೊಂಡ್ರೆ ಜಾಮೀನು ಅಷ್ಟು ಸುಲಭಕ್ಕೆ ಸಿಗಲ್ಲ, ಗೊತ್ತಲ್ಲ."

ನನ್ನ ಮೇಲಿದ್ದ ಕೈ ಕೊನೆಗೂ ಬೆವರಿತು. ಕೈಗವಸಿನ ಒಳಗಿನಿಂದಲೂ ಆ ಒದ್ದೆ ನನಗೆ ತಿಳಿಯಿತು. ಅದರ ರುಚಿಯನ್ನು ನಾನು ಈಗಲೂ ಮರೆತಿಲ್ಲ.

"ಇಲ್ಲ ಮೇಡಂ, ಇದು ಮರ. ಸುಮ್ನೆ ದಂತ ಅಂತೀವಿ, ಒಂದು ಸ್ಟೈಲಿಗೆ."

"ಈಗ ತಾನೆ ಮರದಲ್ಲಿ ಬರಲ್ಲ ಅಂದ್ರಿ. ಬೋರ್ಡಲ್ಲೂ ಬರೆಸಿದೀರಿ. ಕಾರ್ಮಿಕ ಇಲಾಖೆಯವರ ಮುಂದೆಯೂ ದಂತ ಅಂತ ಬರೆಸಿದೀರಿ. ಅರ್ಜಿ ಬಂದಿದೆ ನಮಗೆ."

"ಮರ ಮೇಡಂ. ನಮ್ಮ ಶೆಡ್ಡಲ್ಲೇ ಮಾಡಿಸಿದ್ದು."

"ಯಾರು ಮಾಡಿದ್ರು?"

"ಒಂದು ಹೆಂಗಸು. ಚನ್ನಪಟ್ಣದ್ದು."

"ಹೆಸರು?"

ಹಗ್ಗದ ಆಚೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಅವಳು ನಿಂತಿದ್ದಳು. "ತಾಯಿ... ಏನೋ ತಾಯಿ ಅಂತ ಮೇಡಂ," ಎಂದ. ಕೊಯಮತ್ತೂರಿನವನು ಅಷ್ಟರಲ್ಲಿ ಎರಡು ಹೆಜ್ಜೆ ಹಿಂದೆ ಸರಿದು, ಪಕ್ಕದ ಕೆಂಪು ಕಾರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ್ದ.

ನನ್ನನ್ನು ಕಡ್ಡಿಯಿಂದ ತಿರುಗಿಸಿ ತೆಗೆದು, ಪಾರದರ್ಶಕ ಚೀಲಕ್ಕೆ ಹಾಕಿ, ಬಾಯಿಗೆ ಅರಗಿನ ಮುದ್ರೆ ಒತ್ತಿದರು. ಅಲ್ಲೂ ಅರಗೇ. ಕಾರನ್ನೂ ವಶಕ್ಕೆ ತೆಗೆದುಕೊಂಡರು. ಎರಡು ದಿನದ ನಂತರ ಅರಣ್ಯ ಕಚೇರಿಯಲ್ಲಿ ನನ್ನನ್ನು ಮೇಜಿನ ನಡುವೆ ಇಟ್ಟರು. ಒಂದು ಕಡೆ ಚಂದ್ರಚೂಡ, ಅವನ ವಕೀಲ. ಇನ್ನೊಂದು ಕಡೆ ಚಿಕ್ಕತಾಯಮ್ಮ, ಕುರ್ಚಿಯ ಮೇಲೆ.

"ನೀನೇ ಮಾಡಿದ್ದು ಅಂತ ಹೇಳಮ್ಮ," ಎಂದ ಚಂದ್ರಚೂಡ. ದನಿ ಬೆಣ್ಣೆಯಂತಿತ್ತು.

"ನಾನ್ಯಾಕೆ ಹೇಳ್ಲಿ ಸಾ? ನಿನ್ನ ಕೈಲಿ ಆಗುತ್ತಾ ಅಂದ್ರಲ್ಲ ನೀವು."

"ಅದು ಏನೋ ಆವತ್ತು..."

"ನನ್ನ ನೋಡೇ ಇಲ್ಲ ಅಂದ್ರಿ. ನೋಡ್ದೇ ಇರೋರ ಕಾರಿಗೆ ನಾನು ಗುಂಡು ಮಾಡೋದು ಹೆಂಗೆ?"

ವಕೀಲ ಅವನ ಕಿವಿಯಲ್ಲಿ ಏನೋ ಹೇಳಿದ. ದಂತದ ಕೇಸಿನ ಮುಂದೆ ಬೆರಳಿನ ಕೇಸು ಸಣ್ಣದು ಎಂದಿರಬೇಕು. ಅವರ ಲೆಕ್ಕದಲ್ಲಿ ಬೆರಳು ಯಾವಾಗಲೂ ಸಣ್ಣದೇ. ಚಂದ್ರಚೂಡ ಮೇಜಿನ ಮೇಲೆ ಕೈ ಜೋಡಿಸಿಕೊಂಡು ಹೇಳಿದ. "ಈಕೆ ನಮ್ಮ ಶೆಡ್ಡಲ್ಲಿ ಕೆಲಸ ಮಾಡ್ತಿದ್ರು."

"ಬರ್ಕೊಳ್ಳಿ," ಎಂದರು ನಾಗವೇಣಿ, ಟೈಪು ಮಾಡುವವನಿಗೆ.

"ಯಾವ್ದರ ಮೇಲೆ ಸಾ ಕೆಲ್ಸ?" ಎಂದಳು ಚಿಕ್ಕತಾಯಮ್ಮ.

"ಲೇತ್ ಮೇಲೆ."

"ಅದ್ರ ಜಾಲರಿ ಏನಾಯ್ತು ಸಾ?"

ವಕೀಲ ತಲೆ ಅಲ್ಲಾಡಿಸಿದ, ಬೇಡ ಎಂದು. ಚಂದ್ರಚೂಡ ಮೇಜಿನ ಮೇಲಿದ್ದ ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ನನ್ನ ಗೆರೆಗಳು ಆ ಟ್ಯೂಬ್‌ಲೈಟಿನಲ್ಲಿ ಯಾವ ಆನೆಯನ್ನೂ ನಾಚಿಸುವ ಹಾಗೆ ಮಿಂಚುತ್ತಿದ್ದವು. "ನಾನೇ ತೆಗೆಸಿದೆ," ಎಂದ. "ಫೋಟೋಗೆ. ವಾಪಸ್ ಹಾಕಿಸಲಿಲ್ಲ. ಬೆಲ್ಟಿಗೆ ಸಿಕ್ಕಿ ಬೆರಳು ಹೋಯ್ತು."

"ಯಾರ ಬೆರಳು ಸಾ?"

"ನಿಮ್ಮದು."

"ನಮ್ಮದು ಅಂದ್ರೆ? ನಂಗೊಂದು ಹೆಸ್ರೈತೆ."

"ಚಿಕ್ಕತಾಯಮ್ಮನವರ ಬೆರಳು," ಎಂದ ಅವನು. ಟೈಪು ಮಾಡುವವನು ಕಾಗದ ಎಳೆದು ಮುಂದಿಟ್ಟ. ಅವನು ಸಹಿ ಹಾಕಿದ. ಒಂದು ಪ್ರತಿಯನ್ನು ನಾಗವೇಣಿ ಕಾರ್ಮಿಕ ಇಲಾಖೆಗೆ ಕಳಿಸಲು ಎತ್ತಿಟ್ಟರು. ಆಮೇಲೆ ನನ್ನನ್ನು ಅವಳ ಮುಂದೆ ಸರಿಸಿದರು.

"ಈಗ ಹೇಳಿ ಅಮ್ಮ. ಇದು ನೀವು ಮಾಡಿದ್ದೇನಾ?"

ಚಂದ್ರಚೂಡ ಕುರ್ಚಿಯ ತುದಿಗೆ ಬಂದ. ಅವಳು ಸೆರಗಿನಿಂದ ಎಡಗೈ ಹೊರತೆಗೆದಳು. ಉಳಿದ ಎರಡು ಬೆರಳೂ ಹೆಬ್ಬೆರಳೂ ಮೇಜಿನ ಮೇಲೆ, ನನ್ನ ಪಕ್ಕದಲ್ಲೇ ಬಂದು ಕೂತವು. ಚೀಲವನ್ನು ಮುಟ್ಟದೆ, ಒಂದು ಸುತ್ತು ನೋಡಿದಳು.

"ನೋಡಕ್ಕೆ ನನ್ನ ಕೆಲ್ಸದಂಗೇ ಕಾಣ್ತದೆ," ಎಂದಳು. "ಆದ್ರೆ ನಾನು ಕೈಲಿ ಹಿಡಿದು ಹೇಳೋಳು ತಾಯಿ, ಕಣ್ಣಲ್ಲಿ ನೋಡಿ ಹೇಳೋಳಲ್ಲ. ಇದಕ್ಕೆ ಸೀಲಾಗೈತೆ."

"ಲ್ಯಾಬಿಂದ ವರದಿ ಬರೋ ತನಕ ಸೀಲ್ ಒಡೆಯೋ ಹಾಗಿಲ್ಲ," ಎಂದರು ನಾಗವೇಣಿ. ಅವರ ತುಟಿ ಒಂದಿಷ್ಟು ಬಿಗಿದಿತ್ತು, ನಗು ತಡೆದವರಂತೆ.

"ಹಂಗಾರೆ ಆಗ್ಲೇ ಬತ್ತೀನಿ."

"ಏನಮ್ಮ ಇದು," ಎಂದ ಚಂದ್ರಚೂಡ. "ನಾನು ಎಲ್ಲ ಹೇಳಿದೆನಲ್ಲ."

"ನಿಮ್ಮ ಮಾತು ನೀವು ಹೇಳಿದ್ರಿ. ನನ್ನ ಮಾತು ನಾನು ಹೇಳೋ ಹೊತ್ತಿಗೆ ಹೇಳ್ತೀನಿ. ಕೂತಿರಿ ಸಾ." ಎದ್ದು ಹೊರಗೆ ಹೋದಳು.

ನನ್ನ ಮೈಯ ಒಂದು ಚೂರನ್ನು ಕೆರೆದು ಲ್ಯಾಬಿಗೆ ಕಳಿಸಿ, ಮತ್ತೆ ಮುದ್ರೆ ಒತ್ತಿ ಇಲ್ಲಿಟ್ಟಿದ್ದಾರೆ. ಇದು ಕಚೇರಿಯ ಪಕ್ಕದ ಕೋಣೆ, ವಶಪಡಿಸಿಕೊಂಡ ವಸ್ತುಗಳ ಕಪಾಟು. ನನ್ನ ಪಕ್ಕದಲ್ಲಿ ನಿಜವಾದ ದಂತ ಮಲಗಿದೆ. ಬುಡದಲ್ಲಿ ಕೊಡಲಿಯ ಏಟಿನ ಗುರುತುಗಳಿವೆ. ಅದು ಮಾತಾಡುವುದಿಲ್ಲ. ಇಲ್ಲಿಗೆ ಬಂದ ದಿನ ನಾನು ಅದರ ಕ್ಷಮೆ ಕೇಳಿದೆ, ನಿನ್ನ ಹೆಸರಿನಲ್ಲಿ ಒಂದಷ್ಟು ದಿನ ಬದುಕಿದೆ ಎಂದು. ನಿನ್ನನ್ನು ಕಿತ್ತವನು ಸಿಕ್ಕನೇ ಎಂದು ಕೇಳಿದೆ. ಸಿಕ್ಕಿರಲಿಕ್ಕಿಲ್ಲ. ಎಲ್ಲ ಆನೆಗಳಿಗೂ ಚಿಕ್ಕತಾಯಮ್ಮ ಇರುವುದಿಲ್ಲ.

ದಿನ ಕಳೆದ ಹಾಗೆ ಮನಸ್ಸು ಮೆತ್ತಗಾಗುತ್ತದೆ, ಎಲ್ಲವನ್ನೂ ಮನ್ನಿಸುತ್ತದೆ ಎಂದು ಕಥೆ ಮುಗಿಸುವವರು ಹೇಳುತ್ತಾರೆ. ನನಗೆ ಹಾಗೇನೂ ಆಗಿಲ್ಲ. ನನ್ನ ಅರಗು ಮಾಸಿದೆ, ಲ್ಯಾಬಿಗೆಂದು ಕೆರೆದ ಕಡೆ ಬಿಳಿ ಮರ ಕಾಣುತ್ತಿದೆ. ನೋಡಿದವರಿಗೆಲ್ಲ ಈಗ ಗೊತ್ತಾಗುತ್ತದೆ ನಾನು ಯಾರೆಂದು. ಅವಳ ಬೆರಳಿನ ಪರಿಹಾರದ ಆದೇಶ ಬಂದಿದೆಯಂತೆ, ಗುಮಾಸ್ತ ಫೋನಿನಲ್ಲಿ ಹೇಳುತ್ತಿದ್ದ. ಬರಲಿ. ಬೆರಳು ಬರುವುದಿಲ್ಲವಲ್ಲ.

ಇವತ್ತು ಲ್ಯಾಬಿನ ವರದಿಯೂ ಬಂದಿದೆ. ಮುದ್ರೆ ಒಡೆಯುತ್ತಾರೆ. ವರದಿಯಲ್ಲಿ ಮರ ಎಂದಿದ್ದರೂ ಮಾಡಿದವಳು ಗುರುತಿಸುವವರೆಗೆ ಕೇಸು ಮುಗಿಯುವುದಿಲ್ಲ, ಕಾರೂ ವಾಪಸು ಸಿಗುವುದಿಲ್ಲವಂತೆ. ಗುರುತಿಸಲು ಚಿಕ್ಕತಾಯಮ್ಮನಿಗೆ ಹೇಳಿ ಕಳಿಸಿದ್ದಾರೆ. ಹನ್ನೊಂದಕ್ಕೆ ಬರಲು ಹೇಳಿದ್ದರಂತೆ. ಅಡುಗೆ ಮುಗಿಸಿ, ಬಸ್ಸು ಸಿಕ್ಕರೆ ಮಧ್ಯಾಹ್ನದ ಮೇಲೆ ಬರುತ್ತೇನೆ ಎಂದಿದ್ದಾಳೆ. ಬಂದು ನನ್ನನ್ನು ಕೈಯಲ್ಲಿ ಹಿಡಿಯುತ್ತಾಳೆ. ತಗ್ಗು ಅಲ್ಲೇ ಇದೆ, ಅದರಲ್ಲಿ ಕೂರಬೇಕಾದ ಬೆರಳಿಲ್ಲ. ಹೌದು ಅನ್ನುತ್ತಾಳೋ, ಬೆಳಕು ಸಾಲದು, ನಾಳೆ ನೋಡ್ತೀನಿ ಅನ್ನುತ್ತಾಳೋ, ಅದು ಅವಳ ಇಷ್ಟ.

ಕಿಟಕಿಯಿಂದ ಹೊರಗೆ ಕಾಣುತ್ತಿದೆ. ಗೇಟಿನ ಪಕ್ಕ ಒಂದು ಕಲ್ಲುಬೆಂಚಿದೆ, ನೆರಳಿಲ್ಲ. ಚಂದ್ರಚೂಡ ಬೆಳಿಗ್ಗೆಯೇ ಬಂದು ಅದರ ಮೇಲೆ ಕೂತಿದ್ದಾನೆ.